ಮೀನಿನ ತೊಟ್ಟಿಯ ಮುಚ್ಚಳಕ್ಕೆ ಒಳಬಣ್ಣ

ಮಳವಳ್ಳಿಯಿಂದ ಕೊಳ್ಳೇಗಾಲದ ಕಡೆಗೆ ಹೋಗುವ ದಾರಿಯಿಂದ ಕವಲೊಡೆದು ಹೊರಟರೆ ಬ್ಲಫ್ ಎಂಬ ಪುಟ್ಟ ವಸತಿ ಸಿಗುತ್ತದೆ. ಹೆಸರು ಇಂಗ್ಲಿಷಿನದು, ಕಡಿದಾದ ಗುಡ್ಡದಂಚು ಎಂದು ಅದರ ಅರ್ಥ. ಊರಿನ ರೂಪವೂ ಹೆಸರಿಗೆ ತಕ್ಕುದೇ. ಕಾವೇರಿಯು ಇಲ್ಲಿ ಎರಡು ಕವಲಾಗಿ ಶಿವನಸಮುದ್ರದ ನಡುಗಡ್ಡೆಯನ್ನು ಬಳಸಿಕೊಂಡು ಗಗನಚುಕ್ಕಿಯಲ್ಲಿಯೂ ಭರಚುಕ್ಕಿಯಲ್ಲಿಯೂ ಕಮರಿಗೆ ಧುಮುಕುತ್ತದೆ. ಹೊಳೆಯ ನೀರಿನಲ್ಲಿ ಒಂದು ಪಾಲನ್ನು ಕಾಲುವೆಯ ಮೂಲಕ ತಂದು, ಗುಡ್ಡದ ಇಳಿಜಾರಿನಲ್ಲಿ ಮಲಗಿಸಿದ ಉಕ್ಕಿನ ಕೊಳವೆಗಳಲ್ಲಿ ಕೆಳಕ್ಕಿಳಿಸಿ ವಿದ್ಯುತ್ತನ್ನು ಉತ್ಪಾದಿಸುವ ಕೆಲಸ ಇಲ್ಲಿ ನಡೆದಿದೆ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ತೊಡಗಿದ ಈ ಯೋಜನೆಯಿಂದ 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು.

ಇಂಥ ಊರಿನಲ್ಲಿದ್ದುಕೊಂಡು ನಾವು ಒಂದು ವರ್ಷ ಮನೆಯ ಪಡಸಾಲೆಯಲ್ಲಿ ಮೀನಿನ ತೊಟ್ಟಿಯೊಂದನ್ನು ಇಟ್ಟೆವು. ಮೂರಡಿ ಉದ್ದದ ಗಾಜಿನ ತೊಟ್ಟಿಯನ್ನು ಕೊಂಡು ತಂದದ್ದಾಯಿತು. ಅದರ ಮೇಲಿನ ಮುಚ್ಚಳವನ್ನು ಮಾತ್ರ ಪ್ಲೈವುಡ್ಡಿನಲ್ಲಿ ನಾವೇ ಮಾಡಿದೆವು. ಮಾಡುವುದು ಸುಲಭವೆಂದು ತಿಳಿದಿದ್ದೆವು; ಮಾಡುವುದು ಸುಲಭವೇ ಆಗಿತ್ತು. ಅದರ ಒಳಮೈಗೆ ಬಣ್ಣ ಬಳಿದಾಗ ಮಾತ್ರ ನಮ್ಮ ಅರಿವು ಎಷ್ಟು ಅಲ್ಪವೆಂಬುದು ತಿಳಿಯಿತು. ಈ ಲೇಖನ ಆ ಒಳಬಣ್ಣವನ್ನು ಕುರಿತದ್ದು. ಶಾಲೆಯ ಪ್ರಯೋಗಶಾಲೆಗಾಗಲಿ ಮನೆಗಾಗಲಿ ಇಂಥ ತೊಟ್ಟಿಯನ್ನು ಸಜ್ಜುಗೊಳಿಸುವ ವಿದ್ಯಾರ್ಥಿಗಳು ಅನೇಕರಿರುವುದರಿಂದ, ನಾವು ತೆತ್ತ ಬೆಲೆಯನ್ನು ಅವರು ತೆರದಿರಲೆಂದು ಇದನ್ನು ಬರೆಯುತ್ತಿದ್ದೇವೆ.

ತೊಟ್ಟಿಗೆ ಮುಚ್ಚಳವೇ ಏತಕ್ಕೆ ಎಂದು ಕೇಳಬಹುದು. ಮೊದಲ ಕಾರಣ ಮೀನುಗಳೇ. ಅನೇಕ ಜಾತಿಯ ಮೀನುಗಳು ನೀರಿನಿಂದ ಜಿಗಿಯುತ್ತವೆ. ಕಾವೇರಿಯ ಜಲಾನಯನದಲ್ಲಿ ಸಿಗುವ, 1849ರಲ್ಲಿ ಜೆರ್ಡನ್ ಎಂಬ ಪ್ರಾಣಿಶಾಸ್ತ್ರಜ್ಞನು ವರ್ಣಿಸಿದ ಡಾಕಿನ್ಸಿಯಾ ಅರುಲಿಯಸ್ ಎಂಬ ಅಂದವಾದ ಮೀನು ಲೋಕದ ನಾನಾ ಕಡೆ ತೊಟ್ಟಿಗಳಲ್ಲಿ ಸಾಕಲ್ಪಡುತ್ತಿದೆ. ಅದೂ ಒಳ್ಳೆಯ ನೆಗೆತದ ಜಾತಿಯೇ. (ಈ ಕುಲಕ್ಕೆ 2012ರಲ್ಲಿ ಹೆಸರಿಟ್ಟವರು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್‌ರ ನೆನಪನ್ನು ಅದಕ್ಕೆ ಅಂಟಿಸಿದರು.) ಮುಚ್ಚಳವಿಲ್ಲದ ತೊಟ್ಟಿಯಲ್ಲಿ ಇಂಥ ಮೀನನ್ನು ಬಿಟ್ಟು ಮಲಗಿದವರು ಬೆಳಗ್ಗೆ ಅದನ್ನು ನೆಲದ ಮೇಲೆ ಹುಡುಕಬೇಕಾದೀತು. ಧೂಳು ಬೀಳದಂತೆಯೂ ನೀರು ಬೇಗ ಆರದಂತೆಯೂ ಕಾಯುವುದು, ದೀಪವನ್ನು ಹೊರುವುದು, ಇವು ಮುಚ್ಚಳದ ಉಳಿದ ಕೆಲಸಗಳು.

ಈಗ ನಮ್ಮ ಕಥೆ. ಮುಚ್ಚಳ ಸಿದ್ಧವಾದ ದಿನವೇ ಒಳಗೂ ಹೊರಗೂ ಬಿಳಿಯ ಎನಾಮಲ್ ಬಣ್ಣವನ್ನು ಬಳಿದೆವು. ಮರುದಿನ ಮುಟ್ಟಿ ನೋಡಿದರೆ ಕೈಗೆ ಅಂಟಲಿಲ್ಲ. ಒಣಗಿತೆಂದು ಬಗೆದು ಮೂರನೆಯ ದಿನ ಸಂಜೆ ಅದನ್ನು ತೊಟ್ಟಿಯ ಮೇಲಿಟ್ಟು, ದೀಪ ಹೊತ್ತಿಸಿ, ಮನೆಮಂದಿಯೆಲ್ಲ ಸುತ್ತ ಕುಳಿತು ಸಂತೋಷಪಟ್ಟೆವು. ಬೆಳಗಾಗುವಷ್ಟರಲ್ಲಿ ತೊಟ್ಟಿಯಲ್ಲಿದ್ದ ಎರಡು ಗೌರಾಮಿ ಮೀನುಗಳು ಪಕ್ಕಕ್ಕೆ ವಾಲಿ ತೇಲುತ್ತಿದ್ದುವು. ತಳದಲ್ಲಿದ್ದ ಬೇರೆ ಮೀನುಗಳು ಮಂಕಾಗಿದ್ದರೂ ಬದುಕಿದ್ದುವು. ಮುಚ್ಚಳ ತೆಗೆದಾಗ ಬಣ್ಣದ ಘಾಟು ಮೂಗಿಗೆ ಹೊಡೆಯಿತು.

ಗೌರಾಮಿಗಳೇ ಏಕೆ ಸತ್ತುವು? ಉತ್ತರ ಅವುಗಳ ದೇಹರಚನೆಯಲ್ಲಿದೆ. ಗೌರಾಮಿಯ ತಲೆಯೊಳಗೆ, ಕಿವಿರುಗಳ ಮೇಲ್ಗಡೆ, ಮಡಿಕೆ ಮಡಿಕೆಯಾದ ಒಂದು ಅವಯವವಿದೆ. ನೀರಿನ ಮೇಲಕ್ಕೆ ಬಂದು ಬಾಯಿತುಂಬ ಗಾಳಿಯನ್ನು ನುಂಗಿ, ಆ ಅವಯವದ ಮೂಲಕ ಅದರಲ್ಲಿನ ಆಮ್ಲಜನಕವನ್ನು ಅದು ಹೀರಿಕೊಳ್ಳುತ್ತದೆ. ಸಯಾಮಿನ ಕಾದಾಡುವ ಮೀನಿಗೂ ಇದೇ ಏರ್ಪಾಡು. ಕೆಸರಿನ ಗದ್ದೆಯಲ್ಲಿ ಇದು ದೊಡ್ಡ ವರ. ಆದರೆ ಹೊಸ ಬಣ್ಣ ಬಳಿದ ಮುಚ್ಚಳದ ಕೆಳಗೆ ಅದೇ ವರ ಶಾಪವಾಯಿತು: ಉಳಿದ ಮೀನುಗಳಿಗೆ ನೀರಿನಲ್ಲಿ ಕರಗಿದಷ್ಟು ವಿಷ ಮಾತ್ರ ತಗುಲಿದರೆ, ಗೌರಾಮಿಗಳು ಆವಿಯನ್ನೇ ಬಾಯಿಂದ ಎಳೆದುಕೊಂಡುವು. ಮುಚ್ಚಳಕ್ಕೂ ನೀರಿಗೂ ನಡುವೆ ಇದ್ದದ್ದು ಕೆಲವೇ ಅಂಗುಲಗಳ ಗಾಳಿ. ಗಾಳಿಯಾಡಲು ನಾವು ಬಿಟ್ಟಿದ್ದ ರಂಧ್ರ ಒಂದೇ ಒಂದು, ಅದೂ ತಂತಿ ತೂರಿಸಿದ್ದು.

ಎನಾಮಲ್ ಬಣ್ಣ ಹೇಗೆ ಒಣಗುತ್ತದೆಂಬುದನ್ನು ತಿಳಿದಿದ್ದರೆ ನಾವು ಈ ತಪ್ಪನ್ನು ಮಾಡುತ್ತಿರಲಿಲ್ಲ. ಅದರಲ್ಲಿ ಎರಡು ಕ್ರಿಯೆಗಳು ನಡೆಯುತ್ತವೆ. ಬಣ್ಣವನ್ನು ತೆಳುವಾಗಿಸಲು ಸೇರಿಸಿದ ಟರ್ಪೆಂಟೈನು ಮೊದಲು ಆವಿಯಾಗಿ ಹೋಗುತ್ತದೆ. ಇದು ಕೆಲವು ಗಂಟೆಗಳ ಕೆಲಸ, ಕೈಗೆ ಅಂಟದ ಸ್ಥಿತಿ ಬರುವುದು ಇದಾದ ಮೇಲೆ. ಎರಡನೆಯದು ನಿಧಾನ. ಬಣ್ಣದಲ್ಲಿರುವ ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕವನ್ನು ಹೀರಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಪೊರೆಯಾಗುತ್ತವೆ. ಅಗಸೆ ಎಣ್ಣೆಯನ್ನು ಬಟ್ಟಲಿನಲ್ಲಿ ತೆರೆದಿಟ್ಟರೆ ಮೇಲೆ ಕೆನೆಗಟ್ಟುವುದೂ ಇದೇ ಕ್ರಿಯೆಯಿಂದ. ಇದು ದಿನಗಳ ಕೆಲಸವಲ್ಲ, ವಾರಗಳ ಕೆಲಸ. ದಪ್ಪನಾಗಿ ಬಳಿದಿದ್ದರೆ ಇನ್ನೂ ಹೆಚ್ಚು. ಹೆಣೆಯುವಾಗ ಒಡೆದ ಸಣ್ಣ ಅಣುಗಳು ಘಾಟಾಗಿ ಹೊರಬೀಳುತ್ತಲೇ ಇರುತ್ತವೆ. ಕೈಗೆ ಅಂಟದಿರುವುದು ಬೇರೆ, ಬಣ್ಣ ಪಕ್ವವಾಗುವುದು ಬೇರೆ. ಬಾಳೆಗೊನೆಯ ಸಿಪ್ಪೆ ಹಳದಿಯಾದ ಮಾತ್ರಕ್ಕೆ ಒಳಗೆ ಹಣ್ಣಾಯಿತೆಂದು ಯಾರೂ ಹೇಳುವುದಿಲ್ಲವಷ್ಟೆ.

ಮುಚ್ಚಳದ ಒಳಬಣ್ಣಕ್ಕೆ ಎರಡು ಕೆಲಸಗಳಿವೆ. ಒಂದು, ಮರವನ್ನು ನೀರಿನಿಂದ ಕಾಯುವುದು. ಇನ್ನೊಂದು, ದೀಪದ ಬೆಳಕನ್ನು ನೀರಿಗೆ ಹಿಂದಿರುಗಿಸುವುದು. ಎರಡನೆಯದನ್ನು ಮೊದಲು ನೋಡೋಣ. ಅದರಲ್ಲಿ ಒಂದು ಸೊಗಸಾದ ಲೆಕ್ಕವಿದೆ.

ಕೊಳವೆಯಾಕಾರದ ಟ್ಯೂಬ್ ದೀಪ ಸುತ್ತಲೂ ಬೆಳಕನ್ನು ಚೆಲ್ಲುತ್ತದೆ. ಅದರ ಬೆಳಕನ್ನು 100 ಪಾಲೆಂದು ಎಣಿಸೋಣ. ಸ್ಥೂಲವಾಗಿ 50 ಪಾಲು ನೇರವಾಗಿ ನೀರಿಗೆ ಹೋಗುತ್ತದೆ. ಉಳಿದ 50 ಪಾಲು ಮುಚ್ಚಳದ ಒಳಮೈಗೆ ಬಡಿಯುತ್ತದೆ. ಒಳ್ಳೆಯ ಬಿಳಿಯ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 85ರಷ್ಟನ್ನು ಹಿಂದಿರುಗಿಸುತ್ತದೆ. ಹಾಗಾದರೆ 50ರಲ್ಲಿ 42.5 ಪಾಲು ನೀರಿಗೆ ಬಂದಿತೆ? ಇಲ್ಲ. ಬಿಳಿಯ ಬಣ್ಣ ಕನ್ನಡಿಯಂತಲ್ಲ. ಅದು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಚದುರಿದ ಬೆಳಕಿನಲ್ಲಿ ಸ್ವಲ್ಪ ನೀರಿಗೆ ಇಳಿದರೆ, ಸ್ವಲ್ಪ ಪೆಟ್ಟಿಗೆಯ ಎದುರು ಗೋಡೆಗೆ ಬಡಿದು ಮತ್ತೆ ಬಣ್ಣದ ಪಾಲಾಗುತ್ತದೆ. ಲೆಕ್ಕದ ಸುಲಭಕ್ಕಾಗಿ ಅರ್ಧ ನೀರಿಗೆ, ಅರ್ಧ ಮತ್ತೆ ಬಣ್ಣಕ್ಕೆ ಎಂದಿಟ್ಟುಕೊಳ್ಳೋಣ.

ಬಣ್ಣದ ಮೇಲೆ 100 ಪಾಲು ಬಿದ್ದರೆ 85 ಹೊರಡುತ್ತದೆ, 42.5 ನೀರಿಗೆ, 42.5 ಮತ್ತೆ ಬಣ್ಣಕ್ಕೆ. ಈ ಎರಡನೆಯ ಸಲ ಬಿದ್ದ 42.5ರಲ್ಲಿ ಸುಮಾರು 18 ನೀರಿಗೆ, 18 ಮತ್ತೆ ಬಣ್ಣಕ್ಕೆ. ಮೂರನೆಯ ಸಲ ಸುಮಾರು 7.7 ನೀರಿಗೆ. ಹೀಗೆ ಕುಗ್ಗುತ್ತ ಹೋಗುವ ಈ ಸರಣಿ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಗುಣೋತ್ತರ ಶ್ರೇಢಿಯೇ. ಮೊದಲ ಪದ 42.5, ಸಾಮಾನ್ಯ ಅನುಪಾತ 0.425, ಅನಂತ ಪದಗಳ ಮೊತ್ತ 42.5ನ್ನು 0.575ರಿಂದ ಭಾಗಿಸಿದರೆ ಬರುವ 74. ಎಂದರೆ ಮುಚ್ಚಳಕ್ಕೆ ಬಡಿದ 50 ಪಾಲಿನಲ್ಲಿ 37 ಪಾಲು ಕೊನೆಗೆ ನೀರನ್ನು ಸೇರುತ್ತದೆ. ನೇರವಾಗಿ ಹೋದ 50ನ್ನು ಕೂಡಿಸಿದರೆ 87.

ಬಣ್ಣವಿಲ್ಲದ ಬರಿಯ ಪ್ಲೈವುಡ್ಡು ಶೇಕಡ 40ರಷ್ಟನ್ನು ಹಿಂದಿರುಗಿಸುವುದೆಂದು ಹಿಡಿದು ಇದೇ ಲೆಕ್ಕವನ್ನು ಮಾಡಿದರೆ, 50ರಲ್ಲಿ ನೀರಿಗೆ ಸಿಗುವುದು 12.5 ಮಾತ್ರ, ಒಟ್ಟು 62.5. ಒಳಗೆ ಕಪ್ಪು ಬಳಿದರೆ, ಶೇಕಡ 5 ಮರಳುವುದೆಂದಿಟ್ಟುಕೊಂಡರೂ, ಒಟ್ಟು 51ನ್ನು ಸ್ವಲ್ಪ ಮೀರುತ್ತದೆ. ವಾಚಕರು ಇನ್ನೊಂದನ್ನೂ ಗಮನಿಸಬೇಕು. ಬಿಳಿಯ ಬಣ್ಣ ಹಳದಿಗಟ್ಟಿ, ಪಾಚಿಯೂ ಧೂಳೂ ಕೂಡಿ, 85ರಿಂದ 70ಕ್ಕೆ ಇಳಿದಿತೆನ್ನೋಣ. ಕಣ್ಣಿಗೆ ಅದು ಇನ್ನೂ ಬಿಳಿಯೇ. ಆದರೆ ಒಟ್ಟು ಬೆಳಕು 87ರಿಂದ 77ಕ್ಕೆ ಕುಸಿಯುತ್ತದೆ. ಬೆಳಕು ಒಂದೇ ಸಲವಲ್ಲ, ಮತ್ತೆ ಮತ್ತೆ ಬಣ್ಣವನ್ನು ಮುಟ್ಟಿ ಹೋಗುವುದರಿಂದ ಪ್ರತಿ ಮುಟ್ಟಿಗೂ ಸುಂಕ ತೆರಬೇಕಾಗುತ್ತದೆ. ಆದುದರಿಂದ ಒಳಮೈಯನ್ನು ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವುದು ಹೊಸ ದೀಪವನ್ನು ಕೊಳ್ಳುವುದಕ್ಕಿಂತ ಅಗ್ಗದ ಉಪಾಯ.

ದೀಪಗಳನ್ನು ಅಳೆಯುವ ಪ್ರಯೋಗಶಾಲೆಗಳಲ್ಲಿ ಒಳಗೆಲ್ಲ ಬೇರಿಯಂ ಸಲ್ಫೇಟಿನಂಥ ಅಚ್ಚ ಬಿಳಿಯ ಲೇಪವಿರುವ ಟೊಳ್ಳು ಗೋಳವೊಂದನ್ನು ಬಳಸುತ್ತಾರೆ. ದೀಪವನ್ನು ಅದರೊಳಗಿಟ್ಟರೆ ಬೆಳಕು ಅಸಂಖ್ಯ ಸಲ ಚದುರಿ ಗೋಳದ ಒಳಮೈಯೆಲ್ಲ ಸಮನಾಗಿ ಬೆಳಗುತ್ತದೆ. ನಮ್ಮ ಮುಚ್ಚಳ ಆ ಗೋಳದ ಬಡ ನೆಂಟ.

ಬಿಳಿಯ ಬದಲು ಅಲ್ಯೂಮಿನಿಯಮ್ ಹಾಳೆಯನ್ನು ಅಂಟಿಸಬಾರದೆ? ಅದೂ ಹೆಚ್ಚು ಕಡಿಮೆ ಅಷ್ಟೇ ಬೆಳಕನ್ನು ಹಿಂದಿರುಗಿಸುತ್ತದೆ. ಆದರೆ ಅದರ ಸುಕ್ಕುಗಳು ಬೆಳಕನ್ನು ಗೆರೆಗೆರೆಯಾಗಿ ಎಸೆಯುತ್ತವೆ. ಅಂಟು ತೇವಕ್ಕೆ ಬಿಡುತ್ತದೆ. ಹಾಳೆಯ ಹಿಂದೆ ನೀರು ಸೇರಿ ಮರ ಕೊಳೆಯುವುದು ನಮಗೆ ಕಾಣುವುದೇ ಇಲ್ಲ. ಜೊತೆಗೆ ಅದು ವಿದ್ಯುದ್ವಾಹಕ. ತೇವವೂ ತಂತಿಯೂ ಇರುವ ಪೆಟ್ಟಿಗೆಯೊಳಗೆ ಅದನ್ನು ಹರಡುವುದು ನಮಗೆ ಒಪ್ಪಿಗೆಯಿಲ್ಲ.

ಈಚೆಗೆ ಎಲ್ಲೆಡೆ ಬಂದಿರುವ ಎಲ್‌ಇಡಿ ಪಟ್ಟಿಗಳ ವಿಷಯದಲ್ಲಿ ಈ ಲೆಕ್ಕ ಬದಲಾಗುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅವುಗಳ ಬೆಳಕು ಬಹುಪಾಲು ಕೆಳಮುಖವಾಗಿಯೇ ಹೊರಡುವುದರಿಂದ ಮುಚ್ಚಳದ ಮಾಡಿಗೆ ಬಡಿಯುವ ಪಾಲು ಅಲ್ಪ. ಓರೆಯಾಗಿ ಹೊರಟ ಕಿರಣಗಳು ಪಕ್ಕದ ಗೋಡೆಗಳಿಗೆ ಮಾತ್ರ ಬೀಳುತ್ತವೆ. ಅಲ್ಲಿ ಬಿಳಿಯ ಬಣ್ಣದಿಂದ ಲಾಭವುಂಟು, ಆದರೆ ಟ್ಯೂಬ್ ದೀಪದಲ್ಲಿದ್ದಷ್ಟಿಲ್ಲ. ಎಲ್‌ಇಡಿಯನ್ನು ಬಳಸುವವರಿಗೆ ಒಳಬಣ್ಣದ ಮುಖ್ಯ ಪ್ರಯೋಜನ ಮರದ ರಕ್ಷಣೆಯೇ.

ಬಿಳಿಯ ಬಣ್ಣ ಬಿಳಿಯಾಗಿರುವುದಾದರೂ ಏಕೆ? ಉತ್ತರವನ್ನು ನೋಡಲು ಬ್ಲಫ್‌ನವರು ದೂರ ಹೋಗಬೇಕಾಗಿಲ್ಲ. ಮೇಲೆ ಹೊಳೆಯಲ್ಲಿ ಹಸುರು ಕಂದಾಗಿ ಕಾಣುವ ಕಾವೇರಿಯ ನೀರು ಗಗನಚುಕ್ಕಿಯಲ್ಲಿ ಬೀಳುವಾಗ ಹಾಲಿನಂತೆ ಬೆಳ್ಳಗಾಗುತ್ತದೆ. ನೀರಿಗೆ ಯಾರೂ ಬಿಳಿ ಬೆರಸಿಲ್ಲ. ನೀರು ಹನಿಹನಿಯಾಗಿ, ಗಾಳಿ ಗುಳ್ಳೆಗುಳ್ಳೆಯಾಗಿ ಒಂದರೊಳಗೊಂದು ಸೇರಿದಾಗ, ನೀರೂ ಗಾಳಿಯೂ ಸಂಧಿಸುವ ಲಕ್ಷಾಂತರ ಮೈಗಳು ಹುಟ್ಟುತ್ತವೆ. ಪ್ರತಿಯೊಂದರಲ್ಲಿಯೂ ಬೆಳಕು ಸ್ವಲ್ಪ ಸ್ವಲ್ಪ ತಿರುಗಿ, ಕೊನೆಗೆ ಬಂದ ದಾರಿಗೇ ಮರಳುತ್ತದೆ. ಎರಡು ಪಾರದರ್ಶಕ ವಸ್ತುಗಳ ವಕ್ರೀಭವನ ಸೂಚ್ಯಂಕಗಳಲ್ಲಿ ಅಂತರ ಹೆಚ್ಚಿದಷ್ಟೂ ಈ ಚದುರುವಿಕೆ ಹೆಚ್ಚು. ಬಣ್ಣದಲ್ಲಿ ಕಣಗಳನ್ನು ಹಿಡಿದಿರುವ ಅಂಟುದ್ರವದ ಸೂಚ್ಯಂಕ ಸುಮಾರು 1.5. ಬಿಳಿಯ ಪುಡಿಯಾಗಿ ಬೆರಸುವ ಟೈಟೇನಿಯಮ್ ಡೈ ಆಕ್ಸೈಡಿನ ಸೂಚ್ಯಂಕ ಸುಮಾರು 2.7, ವಜ್ರದ್ದಕ್ಕಿಂತಲೂ ಹೆಚ್ಚು. ಆದಕಾರಣವೇ ಕೂದಲೆಳೆಯಷ್ಟು ತೆಳ್ಳಗಿನ ಎರಡು ಲೇಪಗಳು ಮರದ ಬಣ್ಣವನ್ನು ಪೂರ್ಣವಾಗಿ ಮುಚ್ಚಬಲ್ಲುವು. ಈ ಪುಡಿಯ ಮೂಲ ನಮ್ಮ ನೆರೆಯಲ್ಲೇ ಉಂಟು: ಕೇರಳದ ಕಡಲ ತೀರದ ಕರಿಯ ಮರಳಿನಲ್ಲಿ ಇಲ್ಮೆನೈಟ್ ಎಂಬ ಟೈಟೇನಿಯಮ್ ಅದುರಿದೆ, ತಿರುವನಂತಪುರದಲ್ಲಿ 1946ರಲ್ಲಿ ಸ್ಥಾಪಿತವಾದ ಕಾರ್ಖಾನೆ ಅದರಿಂದಲೇ ಬಿಳಿಯನ್ನು ತೆಗೆಯಲು ಹೊರಟದ್ದು.

ಹಾಗಾದರೆ ಅಗ್ಗವಾದ ಸುಣ್ಣವನ್ನು ಹೊಡೆದರೆ ಆಗದೆ ಎಂದು ನಮ್ಮ ಮನೆಯಲ್ಲೇ ಕೇಳಿದರು. ಸುಣ್ಣದ ಗೋಡೆ ಮಳೆಗೆ ನೆನೆದಾಗ ಮಂಕಾಗಿ, ಒಣಗಿದ ಮೇಲೆ ಮತ್ತೆ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿದ್ದಾರೆ. ಅದರ ಕಣಗಳ ನಡುವೆ ಗಾಳಿಯಿದ್ದಾಗ ಮಾತ್ರ ಬಿಳುಪು. ಗಾಳಿಯ ಜಾಗಕ್ಕೆ ನೀರು ಬಂದರೆ ಸೂಚ್ಯಂಕಗಳ ಅಂತರ ಕುಗ್ಗಿ ಬಿಳುಪು ಹೋಗುತ್ತದೆ. ಸದಾ ತೇವವಾಗಿರುವ ಮುಚ್ಚಳದಲ್ಲಿ ಅದು ಎಂದೂ ಬೆಳ್ಳಗಿರದು. ಅದಕ್ಕಿಂತ ದೊಡ್ಡ ದೋಷವೆಂದರೆ ಸುಣ್ಣ ತೊಟ್ಟಿಗೆ ಉದುರಿದರೆ ನೀರು ಕ್ಷಾರೀಯವಾಗಿ ಮೀನಿಗೆ ಅಪಾಯ.

ಹೊಳಪಿನ ಬಣ್ಣ ಒಳ್ಳೆಯದೊ, ಹೊಳಪಿಲ್ಲದ್ದು ಒಳ್ಳೆಯದೊ? ಹೊಳಪಿನದು ಕನ್ನಡಿಯಂತೆ ವರ್ತಿಸಿ ಬೆಳಕನ್ನು ಕೆಡಿಸುವುದೆಂದು ಕೆಲವರ ನಂಬಿಕೆ. ಇದು ಸರಿಯಲ್ಲ. ಹೊಳಪಿನ ಮೈಯಲ್ಲಿ ಕನ್ನಡಿಯಂತೆ ನೆಟ್ಟಗೆ ಮರಳುವುದು ಲಂಬವಾಗಿ ಬಿದ್ದ ಬೆಳಕಿನ ಶೇಕಡ 4ರಷ್ಟು ಮಾತ್ರ; ಉಳಿದದ್ದು ಒಳಕ್ಕೆ ಹೊಕ್ಕು ಬಿಳಿಯ ಕಣಗಳಿಂದ ಚದುರಿಯೇ ಹೊರಬರುತ್ತದೆ. ಹೊಳಪಿನ ಮೈಗೆ ಪಾಚಿ ಸುಲಭವಾಗಿ ಕಚ್ಚದು, ಒರೆಸಲು ಸುಲಭ. ನಾವು ಹೊಳಪಿನದನ್ನೇ ಆರಿಸುತ್ತೇವೆ.

ಇನ್ನು ನೀರಿನ ಕಥೆ. ತೊಟ್ಟಿಯ ಮೇಲಿನ ಗಾಳಿ ಹಗಲೆಲ್ಲ ದೀಪದ ಬಿಸಿಯಿಂದ 30 ಡಿಗ್ರಿಯಲ್ಲಿದೆಯೆನ್ನಿ. ಆ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಮಾಗಿಯ ರಾತ್ರಿ ದೀಪ ಆರಿ ಮುಚ್ಚಳ 20 ಡಿಗ್ರಿಗೆ ತಣ್ಣಗಾದರೆ, ಅದು ಹಿಡಿಯಬಲ್ಲುದು 17 ಗ್ರಾಂ ಮಾತ್ರ. ಮಿಕ್ಕ 13 ಗ್ರಾಂ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಲೇ ಬೇಕು. ನಮ್ಮ ಮುಚ್ಚಳದ ಒಳಗಿನ ಗಾಳಿ 54 ಲೀಟರು. ಒಂದು ಸಲಕ್ಕೆ ಇಳಿಯುವ ನೀರು ಒಂದು ಗ್ರಾಮೂ ಆಗದು. ಇಷ್ಟೇ ತಾನೆ ಎಂದು ಉಪೇಕ್ಷಿಸುವಂತಿಲ್ಲ. ಕೆಳಗಿನ ನೀರು ಇನ್ನೂ ಬೆಚ್ಚಗಿರುವುದರಿಂದ ಆವಿ ಏಳುತ್ತಲೇ ಇರುತ್ತದೆ, ಮೇಲೆ ಹನಿಗಟ್ಟುತ್ತಲೇ ಇರುತ್ತದೆ. ಬೆಳಗಾಗುವವರೆಗೆ ಸದ್ದಿಲ್ಲದ ಮಳೆ.

ನಮ್ಮ ಮೊದಲ ಮುಚ್ಚಳವನ್ನು ತಿಂಗಳಗಟ್ಟಲೆ ಗಾಳಿಗಿಟ್ಟು, ಘಾಟು ಹೋದ ಮೇಲೆ ಮತ್ತೆ ಬಳಕೆಗೆ ತಂದೆವು. ಅರ್ಧ ವರ್ಷವಾಗುವಷ್ಟರಲ್ಲಿ ಅಂಚಿನ ಪದರಗಳು ಹಳೆಯ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡುವು, ಅಲ್ಲಲ್ಲಿ ಬಣ್ಣ ಗುಳ್ಳೆಯೆದ್ದಿತು. ಮಳವಳ್ಳಿಯ ಬಡಗಿಯೊಬ್ಬರಿಗೆ ಅದನ್ನು ತೋರಿಸಿದೆವು. ಅವರು ಬಣ್ಣದ ಕಡೆ ನೋಡಲೇ ಇಲ್ಲ, ಹೆಬ್ಬೆರಳಿನಿಂದ ಅಂಚನ್ನು ಒತ್ತಿ, "ಮರ ಮೈಯಿಂದ ನೀರು ಕುಡಿಯಾಕಿಲ್ಲ ಸ್ವಾಮಿ, ಬಾಯಿಂದ ಕುಡೀತದೆ. ನೀವು ಬಾಯಿಗೆ ಬಣ್ಣಾನೇ ಬಳಿದಿಲ್ವಲ್ಲ" ಎಂದರು.

ಸಸ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ಮರದಲ್ಲಿ ನೀರನ್ನು ಮೇಲಕ್ಕೆ ಸಾಗಿಸುತ್ತಿದ್ದ ನಾಳಗಳು ಮರ ಹಲಗೆಯಾದ ಮೇಲೂ ಹಾಗೆಯೇ ಇರುತ್ತವೆ. ಅಡ್ಡಲಾಗಿ ಕುಯ್ದ ಕಡೆ ಅವುಗಳ ತೆರೆದ ಬಾಯಿಗಳ ಸಾಲೇ ಇರುತ್ತದೆ. ಹಲಗೆಯ ಅಗಲವಾದ ಮೈಯಿಂದ ನೀರು ಹೊಗುವುದಕ್ಕಿಂತ ಕುಯ್ದ ತುದಿಯಿಂದ ಎಷ್ಟೋ ಪಾಲು ಬೇಗ ಹೊಗುತ್ತದೆ. ಪ್ಲೈವುಡ್ಡಿನಲ್ಲಿ ಪದರಗಳು ಒಂದರ ಮೇಲೊಂದು ಅಡ್ಡಡ್ಡವಾಗಿ ಅಂಟಿರುವುದರಿಂದ ನಾಲ್ಕು ಅಂಚುಗಳಲ್ಲಿಯೂ ಇಂಥ ಬಾಯಿಗಳುಂಟು. ಹೊಕ್ಕ ನೀರು ನಾರನ್ನು ಉಬ್ಬಿಸಿ, ಬಣ್ಣವನ್ನು ಒಳಗಿನಿಂದಲೇ ತಳ್ಳಿ ಎಬ್ಬಿಸುತ್ತದೆ. ಗುಳ್ಳೆ ಕಂಡದ್ದು ಮಧ್ಯದಲ್ಲಿ. ರೋಗದ ಮೂಲ ಅಂಚಿನಲ್ಲಿ, ಸ್ಕ್ರೂ ಹಾಕಲು ಕೊರೆದ ತೂತಿನಲ್ಲಿ, ತಂತಿಯ ರಂಧ್ರದಲ್ಲಿ. ಇದನ್ನು ಮನಗಾಣಲು ಒಂದು ಸುಲಭ ಪ್ರಯೋಗವಿದೆ. ಒಂದೇ ಅಳತೆಯ ಎರಡು ಪ್ಲೈವುಡ್ ತುಂಡುಗಳಿಗೆ ಬಣ್ಣ ಬಳಿಯಿರಿ. ಒಂದರ ಅಂಚುಗಳಿಗೂ ಬಳಿಯಿರಿ, ಇನ್ನೊಂದರ ಅಂಚುಗಳನ್ನು ಬರಿದಾಗಿ ಬಿಡಿ. ಪೂರ್ತಿ ಒಣಗಿದ ಮೇಲೆ ತೂಗಿ, ಎರಡು ದಿನ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ತಕ್ಕಡಿಯೇ ಉತ್ತರ ಹೇಳುತ್ತದೆ.

ಎರಡನೆಯ ಮುಚ್ಚಳಕ್ಕೆ ಐ.ಎಸ್. 710 ಎಂಬ ಗುರುತುಳ್ಳ, ದೋಣಿಗಳ ಕೆಲಸಕ್ಕೂ ಬರುವ ಪ್ಲೈವುಡ್ಡನ್ನು ತಂದೆವು. ಅದರ ಅಂಟು ನೀರಿಗೆ ಬಿಡುವುದಿಲ್ಲ; ಆದರೆ ಅಂಟು ಬಿಡದು ಎಂದರೆ ಮರ ನೀರು ಕುಡಿಯದು ಎಂದಲ್ಲ. ಬಣ್ಣ ಅದಕ್ಕೂ ಬೇಕು.

ಯಾವ ಬಣ್ಣ? ಬಡಗಿಗಳು ಮೇಜು ಕುರ್ಚಿಗಳಿಗೆ ಹಚ್ಚುವ ಅರಗಿನ ಪಾಲಿಷು ನಮ್ಮ ನಾಡಿನ ಹಳೆಯ ವಸ್ತು. ಮೈಸೂರಿನಲ್ಲಿ 1937ರಲ್ಲಿ ಆರಂಭವಾದ, ಈಗ ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾಗಿರುವ ಬಣ್ಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಅರಗು ಇತ್ತು. ಆದರೆ ಅರಗಿನ ಪಾಲಿಷಿನ ಮೇಲೆ ನೀರು ನಿಂತರೆ ಬೆಳ್ಳಗೆ ಕಲೆ ಕಟ್ಟುವುದನ್ನು ಊಟದ ಮೇಜಿನ ಮೇಲೆ ಲೋಟವಿಟ್ಟವರೆಲ್ಲ ಬಲ್ಲರು. ಅದು ಇಲ್ಲಿ ಸಲ್ಲದು. ನೀರಿನಲ್ಲಿ ಕಲಸುವ ಅಕ್ರಿಲಿಕ್ ಎಮಲ್ಷನ್ನಿನ ಘಾಟು ಕಡಿಮೆ, ಬೇಗ ಒಣಗುತ್ತದೆ, ಗೋಡೆಗೆ ಉತ್ತಮ. ಸದಾ ಹನಿಗಟ್ಟುವ ಕಡೆ ಮೆದುವಾಗುತ್ತದೆ. ಎನಾಮಲ್ಲಿನ ಗುಣದೋಷಗಳನ್ನು ಆಗಲೇ ಹೇಳಿದ್ದೇವೆ: ನಾಲ್ಕಾರು ವಾರ ಕಾಯುವ ತಾಳ್ಮೆಯಿದ್ದವರಿಗೆ ಅದು ಸಾಕು. ಎಲ್ಲಕ್ಕಿಂತ ಗಟ್ಟಿಯಾದದ್ದು ಎರಡು ಡಬ್ಬಿಗಳಲ್ಲಿ ಬರುವ ಎಪಾಕ್ಸಿ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಎರಡನ್ನೂ ಹೇಳಿದ ಪ್ರಮಾಣದಲ್ಲಿಯೇ ಬೆರಸಬೇಕು. ಇಲ್ಲಿ ಗಟ್ಟಿಯಾಗುವುದು ಆವಿಯಾಗುವುದರಿಂದಲ್ಲ, ಎರಡರ ನಡುವಣ ರಾಸಾಯನಿಕ ಕ್ರಿಯೆಯಿಂದ. ಪ್ರಮಾಣ ತಪ್ಪಿದರೆ ಮಿಕ್ಕ ದ್ರವ ಹಾಗೆಯೇ ಉಳಿದು ಎಂದಿಗೂ ಒಣಗದು. ಬೇಗ ಒಣಗಲೆಂದು ಗಟ್ಟಿ ಮಾಡುವುದನ್ನು ಹೆಚ್ಚಾಗಿ ಸುರಿಯುವುದು ಇದರಿಂದಲೇ ಕೆಡುಕು. ಸರಿಯಾಗಿ ಬೆರಸಿದ್ದು ಸುಮಾರು ಒಂದು ವಾರದಲ್ಲಿ ಪಕ್ವವಾಗುತ್ತದೆ. ಚರ್ಮಕ್ಕೆ ತಗುಲಿಸಿಕೊಳ್ಳಬಾರದು, ಕೈಚೀಲ ಹಾಕಿಕೊಂಡು ಬಯಲಿನಲ್ಲಿ ಕೆಲಸಮಾಡಬೇಕು. ನಾವು ಎರಡನೆಯ ಮುಚ್ಚಳಕ್ಕೆ ಬಿಳಿಯ ಎಪಾಕ್ಸಿಯನ್ನೇ ಬಳಿದೆವು.

ಅಟ್ಟದ ಮೇಲಿನ ಹಳೆಯ ಡಬ್ಬಿಯನ್ನು ಮಾತ್ರ ಯಾರೂ ಇಳಿಸಬಾರದು. ಹಿಂದಿನ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬೆರಸುತ್ತಿದ್ದರು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂಬ ನಿಯಮವಾದದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ದೋಣಿಯ ತಳಕ್ಕೆ ಪಾಚಿ ಹತ್ತದಂತೆ ಬಳಿಯುವ ಬಣ್ಣವೂ ಬೇಡ. ಜಲಜೀವಿಗಳನ್ನು ಕೊಲ್ಲುವುದೇ ಅದರ ಉದ್ದೇಶ. ಅದರಲ್ಲಿ ಸಾಮಾನ್ಯವಾಗಿರುವ ತಾಮ್ರ ಬಸವನಹುಳುವಿಗೂ ಸಿಗಡಿಗೂ ಮೃತ್ಯು. ಬೂಸ್ಟು ಹಿಡಿಯದ ಬಣ್ಣವೆಂದು ಮಾರುವುದರಲ್ಲಿಯೂ ವಿಷವಿರುತ್ತದೆಂಬುದನ್ನು ಮರೆಯಬಾರದು.

ಬಳಿಯುವ ಕ್ರಮದಲ್ಲಿ ಹೊಸದೇನೂ ಇಲ್ಲ. ಸ್ಯಾಂಡ್ ಪೇಪರಿನಿಂದ ಉಜ್ಜಿ, ಧೂಳನ್ನು ಒರೆಸಿ, ತೂತು ಸಂದುಗಳನ್ನು ತುಂಬಿ, ಎಲ್ಲ ಕೊರೆತ ಕತ್ತರಿಕೆಗಳೂ ಮುಗಿದ ಮೇಲೆಯೇ ಬಣ್ಣಕ್ಕೆ ಕೈ ಹಾಕಬೇಕು. ಬಣ್ಣವಾದ ಮೇಲೆ ಕೊರೆದ ಒಂದು ತೂತು ಒಂದು ಹೊಸ ಬಾಯಿ. ಮೊದಲ ಕೈ ತೆಳ್ಳಗಿರಲಿ, ನಾರಿನೊಳಕ್ಕೆ ಇಳಿಯಲಿ. ಅಂಚುಗಳಿಗೆ ಅದು ಇಂಗಿದ ಮೇಲೆ ಇನ್ನೊಂದು ಕೈ, ಬೇಕಾದರೆ ಮತ್ತೊಂದು. ಮೈಗೆ ಎರಡು ಕೈ ಸಾಕು. ಎನಾಮಲ್ಲನ್ನು ಒಂದೇ ದಪ್ಪ ಕೈಯಲ್ಲಿ ಬಳಿದರೆ ಮೇಲೆ ಪೊರೆಗಟ್ಟಿ ಒಳಗಿನದು ಹಸಿಯಾಗಿಯೇ ಉಳಿಯುತ್ತದೆ. ನಮ್ಮ ಗೌರಾಮಿಗಳ ಸಾವಿಗೆ ಇದೂ ಕಾರಣವಾಗಿತ್ತೆಂದು ಈಗ ತೋರುತ್ತದೆ. ಮುಚ್ಚಳದ ಹಿಂಬದಿಯಲ್ಲಿ ಗಾಳಿಯಾಡಲು ಸಾಲಾಗಿ ರಂಧ್ರಗಳನ್ನು ಬಿಟ್ಟು, ಅವುಗಳ ಒಳಸುತ್ತಿಗೂ ಸಣ್ಣ ಕುಂಚದಿಂದ ಬಣ್ಣ ಹಚ್ಚಬೇಕು.

ವಿದ್ಯುತ್ತಿನ ವಿಷಯದಲ್ಲಿ ಒಂದು ಮಾತು. ಬಣ್ಣ ನೀರನ್ನು ತಡೆದೀತು, 230 ವೋಲ್ಟನ್ನು ತಡೆಯುವುದೆಂದು ನೆಚ್ಚಕೂಡದು. ತಂತಿಯು ಗೋಡೆಯ ಸಾಕೆಟ್ಟಿಗೆ ಏರುವ ಮೊದಲು ಅದಕ್ಕಿಂತ ಕೆಳಕ್ಕೆ ಬಾಗಿರಬೇಕು. ತಂತಿಯ ಮೇಲೆ ಹರಿದು ಬಂದ ಹನಿ ಆ ಬಾಗಿನಿಂದ ನೆಲಕ್ಕೆ ಬೀಳುತ್ತದೆ, ಸಾಕೆಟ್ಟನ್ನು ಹೊಗುವುದಿಲ್ಲ. ಮುಚ್ಚಳವನ್ನು ಒರೆಸುವಾಗಲೂ ತೊಟ್ಟಿಗೆ ಕೈ ಅದ್ದುವಾಗಲೂ ಪ್ಲಗ್ಗನ್ನು ಕಿತ್ತಿರಬೇಕು. ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಮನೆಯಲ್ಲಿ ಇಲ್ಲದಿದ್ದರೆ ಮೀನಿಗಿಂತ ಮೊದಲು ಅದನ್ನು ತರುವುದು ಮೇಲು.

ಬಣ್ಣ ಪಕ್ವವಾಯಿತೆಂದು ತಿಳಿಯುವುದು ಹೇಗೆ? ಮುಚ್ಚಳಕ್ಕೆ ಬಳಿದ ದಿನವೇ ಅದೇ ಬಣ್ಣವನ್ನು ಅಷ್ಟೇ ದಪ್ಪವಾಗಿ ಒಂದು ಹಲಗೆಯ ಚೂರಿಗೂ ಬಳಿದಿಡಬೇಕು. ಕಾಯಬೇಕಾದಷ್ಟು ಕಾಲ ಕಳೆದ ಮೇಲೆ ಚೂರನ್ನು ಬಾಯಿ ಮುಚ್ಚುವ ಗಾಜಿನ ಭರಣಿಯಲ್ಲಿ ಉಗುರುಬೆಚ್ಚಗಿನ ನೀರಿನೊಡನೆ ಇಟ್ಟು ಮೂರು ದಿನ ಬಿಡಬೇಕು. ಮುಚ್ಚಳ ತೆರೆದಾಗ ವಾಸನೆ ಬಂದರೆ, ನೀರಿನ ಮೇಲೆ ಎಣ್ಣೆಯ ಪೊರೆಯಂತೆ ಬಣ್ಣ ಬಣ್ಣದ ಮಿನುಗು ಕಂಡರೆ, ಉಗುರಿನಿಂದ ಒತ್ತಿದ ಗುರುತು ಉಳಿದರೆ ಇನ್ನೂ ಕಾಯಬೇಕು. ಮನೆಯಲ್ಲಿ ಮೂಗು ಚುರುಕಾದವರಿಗೆ ಈ ಪರೀಕ್ಷೆಯನ್ನು ಒಪ್ಪಿಸುವುದು ಒಳ್ಳೆಯದು. ಬಣ್ಣ ಬಳಿದವರ ಮೂಗು ಆ ಘಾಟಿಗೆ ಒಗ್ಗಿಹೋಗಿರುತ್ತದೆ. ಒಂದು ಮೀನನ್ನು ಬಿಟ್ಟು ನೋಡೋಣವೆಂಬ ಪರೀಕ್ಷೆಯನ್ನು ಮಾತ್ರ ನಾವು ಯಾರಿಗೂ ಹೇಳುವುದಿಲ್ಲ.

ನಮ್ಮ ಎರಡನೆಯ ಮುಚ್ಚಳಕ್ಕೆ ಬಳಿದ ಚೂರು ಎಂಟನೆಯ ದಿನದ ಪರೀಕ್ಷೆಯಲ್ಲಿ ಸೋತಿತು. ಅಷ್ಟೇನೂ ಜೋರಲ್ಲದ, ಆದರೆ ತಪ್ಪದೆ ತಿಳಿಯುವ ವಾಸನೆ. ಇನ್ನೂ ಹದಿನೈದು ದಿನ ಬಿಸಿಲು ಗಾಳಿಗಿಟ್ಟು ಮತ್ತೆ ಪರೀಕ್ಷಿಸಿದಾಗ ಏನೂ ಇರಲಿಲ್ಲ. ಅಲ್ಲಿಯವರೆಗೆ ತೊಟ್ಟಿಯ ಮೇಲೆ ಹಳೆಯ ಸೊಳ್ಳೆಪರದೆಯ ಬಟ್ಟೆಯನ್ನು ಎಳೆದು ಕಟ್ಟಿದ್ದೆವು. ಈಗ ಆ ಮುಚ್ಚಳಕ್ಕೆ ಮೂರು ವರ್ಷ. ಕೀಲು ಕೂರಿಸಲು ಆಮೇಲೆ ಕೊರೆದ ಒಂದು ತೂತಿನ ಸುತ್ತ ಮಾತ್ರ ಕಾಳಿನಷ್ಟು ಗುಳ್ಳೆಯೆದ್ದಿದೆ. ಬರುವ ಬೇಸಗೆಯಲ್ಲಿ ಅದನ್ನು ಕೆರೆದು ಬಣ್ಣ ಹಚ್ಚಬೇಕಾಗಿದೆ.